ಎರಡೂ ಮುಖ ಕಾಣುವ ಪುಸ್ತಕ

ಸುರಪುರ
೧೪ ಜೂನ್ ೧೯೫೪

ಅಪ್ಪನವರಿಗೆ ಶಂಕ್ರಮ್ಮನ ಶರಣು.

ಎಂಟು ತಿಂಗಳ ಮೇಲೆ ಮಗಳ ಕಾಗದ ಬಂತೆಂದು ಅವ್ವ ಅಳುವುದು ಬೇಡ, ನೀವು ಓದದೆ ಹರಿಯುವುದೂ ಬೇಡ. ಯಾದಗಿರಿಯ ಮನೆಗೆ ಬರಲೇ ಎಂದು ಕೇಳಲು ಬರೆದದ್ದಲ್ಲ ಇದು. ಹೋದ ದೀಪಾವಳಿಯ ಮುಂಚೆ ನಾನು ಶಹಾಪುರದಿಂದ ಗಂಡನ ಮನೆ ಬಿಟ್ಟು ನಿಮ್ಮ ಬಾಗಿಲಿಗೆ ಬಂದಾಗ "ಮುಂಜಾನಿ ಬಸ್ಸಿಗಿ ತಿರುಗಿ ಹೋಗು" ಅಂದಿರಿ. ಮುಂಜಾನೆ ಬಸ್ಸು ಹತ್ತಿದೆ. ಶಹಾಪುರದಲ್ಲಿ ಇಳಿಯಲಿಲ್ಲ, ಅಷ್ಟೇ. ಅದೇ ಬಸ್ಸು ಮುಂದೆ ಸುರಪುರಕ್ಕೆ ಬರುತ್ತದೆ.

ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿದೆ. ನಿಜಾಮನ ಸರ್ಕಾರ ಹೋದ ಮೇಲೆ ಊರೂರಿಗೆ ಕನ್ನಡ ಶಾಲೆ ತೆರೆಯುತ್ತಿದ್ದಾರೆ, ಕಲಿಸುವವರು ಸಿಗುತ್ತಿಲ್ಲ. ಏಳನೆಯ ತರಗತಿ ಪಾಸಾದವಳು ಅಂದ ಕೂಡಲೇ ಒಪ್ಪಿಕೊಂಡರು. ಈಗ ನಾನು ಮಕ್ಕಳಿಗೆ ಕಲಿಸುವ ಬಾಯಾರು. ತಿಮ್ಮವ್ವ ಎಂಬ ಹಿರಿಯರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಅಡಿಗೆ ನನ್ನದೇ.

ಬರೆದದ್ದು ಕೆಲಸದ ಮಾತಿಗೆ. ನನ್ನ ಹತ್ತಿರ ನಾಣ್ಯಗಳಿರುವುದು ನಿಮಗೆ ಗೊತ್ತು. ಈಗ ಇನ್ನೂ ಹೆಚ್ಚಿವೆ. ನಿಜಾಮನ ಹಾಲಿ ರೊಕ್ಕ ನಿಂತುಹೋಗಿ ಎಲ್ಲ ಕಡೆ ಹಿಂದುಸ್ತಾನದ ಕಲ್ದಾರ ರೂಪಾಯಿಯೇ ನಡೆಯುತ್ತದೆಂದು ಜನ ಗಡಿಗೆಯೊಳಗೆ ಕೂಡಿಟ್ಟದ್ದನ್ನೆಲ್ಲ ತಂದು ಬದಲಾಯಿಸಿಕೊಳ್ಳುತ್ತಿದ್ದಾರೆ. ಬಜಾರಿನಲ್ಲಿ ಲಾಡ್ಲೇಸಾಬ ಎಂಬ ಸರಾಫರಿದ್ದಾರೆ. ನಾಣ್ಯ ಬದಲಾಯಿಸುವುದೇ ಅವರ ಕಸುಬು. ಬೆಲೆಗೆ ಬೆಲೆ ಕೊಟ್ಟರೆ ರಾಶಿಯಲ್ಲಿ ನನಗೆ ಬೇಕಾದ್ದನ್ನು ಆರಿಸಿಕೊಳ್ಳಲು ಬಿಡುತ್ತಾರೆ. ಚಾರ್ಮಿನಾರಿನ ಬೆಳ್ಳಿ ರೂಪಾಯಿ, ಚೌಕ ಆಣೆ, ನಡುವೆ ತೂತಿರುವ ಎರಡು ಪೈ, ರಾಣಿಯ ಮುಖದ ಕಲ್ದಾರ, ಸಿಂಹದ ಹೊಸ ರೂಪಾಯಿ, ಸುರಪುರದ ನಾಯಕರ ಕಾಲದ್ದೆಂದು ಲಾಡ್ಲೇಸಾಬರು ಹೇಳುವ ಒಂದು ದಪ್ಪನೆಯದು. ಇವೆಲ್ಲ ಅವ್ವನ ಹಳೆಯ ಎಲೆಯಡಿಕೆ ಚಂಚಿಯೊಳಗೆ ಒಂದಕ್ಕೊಂದು ತಿಕ್ಕಾಡುತ್ತಿವೆ. ಒಂದು ರೂಪಾಯಿಯ ಮೇಲಿನ ಮಿನಾರು ಆಗಲೇ ಸವೆದಿದೆ.

ಇವನ್ನಿಡಲು ಒಂದು ಪುಸ್ತಕ ಕಟ್ಟಿಕೊಡಿ. ಮೂರು ಮಾತು ನಡೆಯಬೇಕು: ನಾಣ್ಯದ ಎರಡೂ ಮುಖ ಕಾಣಬೇಕು, ಕೈ ಮುಟ್ಟದೆ ನೋಡಲು ಬರಬೇಕು, ಹೆಂಗಸೊಬ್ಬಳು ಬಗಲಲ್ಲಿ ಹಿಡಿದು ಬಸ್ಸು ಹತ್ತುವಂತಿರಬೇಕು. ಯಾರೋ ಗಿರಾಕಿ ಎಂದು ತಿಳಿದೇ ಕಟ್ಟಿರಿ. ನೀವು ಹೇಳಿದ್ದನ್ನು ಕೊಡುತ್ತೇನೆ.

ಶಂಕ್ರಮ್ಮ

*

ಯಾದಗಿರಿ
೨೦ ಜುಲೈ ೧೯೫೪

ಶಂಕ್ರಮ್ಮಗೆ,

ಕಾಗದ ಮುಟ್ಟಿತು. ನಿನ್ನ ಅವ್ವ ಕ್ಷೇಮ.

ನಾನು ಪುಸ್ತಕಕ್ಕೆ ರಟ್ಟು ಹಾಕಿ ಜಿಲ್ದು ಕಟ್ಟುವವನು, ನಾಣ್ಯಕ್ಕಲ್ಲ. ಕಚೇರಿಯ ಉರ್ದು ದಫ್ತರ ಕಟ್ಟಿದ್ದೇನೆ, ಮಠದ ಪುರಾಣ ಕಟ್ಟಿದ್ದೇನೆ, ವ್ಯಾಪಾರಿಗಳ ಖಾತೆ ಪುಸ್ತಕ ಕಟ್ಟುತ್ತಿದ್ದೇನೆ. ಪುಸ್ತಕವೆಂದರೆ ಅದರಲ್ಲಿ ಓದುವುದೇನಾದರೂ ಇರಬೇಕು.

ಅಳಿಯ ಅಮಾತೆಪ್ಪ ಬಂದಿದ್ದ. ಅಂಗಡಿಯ ಮುಂದೆ ನಾಲ್ಕು ಮಂದಿಗೆ ಕೇಳುವಂತೆ, "ಮಾವಾ, ನಿಮ್ಮ ಮಗಳು ಬರೇ ಮನಿ ಬಿಟ್ಟು ಹೋಗಿಲ್ಲ. ನಮ್ಮ ಮನಿ ಬೆಳ್ಳಿ ಕಟಗೊಂಡು ಹೋಗ್ಯಾಳ" ಅಂದ. ನಾನು ತಲೆ ತಗ್ಗಿಸಿ ನಿಂತೆ. ನನ್ನ ಅರ್ಧ ಕೆಲಸ ಬರುವುದೇ ಶಹಾಪುರದ ಅಡತಿ ವ್ಯಾಪಾರಿಗಳ ಅಂಗಡಿಗಳಿಂದ. ಅವರೆಲ್ಲ ಅವನ ಜೊತೆ ಕೂತು ಏಳುವವರು. ನಿನಗೆ ತಿಳಿಯದ್ದಲ್ಲ.

ಬೆಳ್ಳಿ ತಿರುಗಿ ಕೊಡು. ನೀನೂ ತಿರುಗಿ ಹೋಗು. ಎರಡನೆಯವಳು ಬಂದಳೆಂದು ಮೊದಲನೆಯವಳು ಮನೆ ಬಿಡಬೇಕೆಂದೇನಿಲ್ಲ. ಹಿರಿಯಳಾಗಿ ಇರಬಹುದು.

ನಾಣ್ಯಗಳನ್ನು ಮೊದಲು ಆ ಚಂಚಿಯಿಂದ ಹೊರಗೆ ತೆಗೆ. ಅದರ ಬಟ್ಟೆ ವರ್ಷಗಟ್ಟಲೆ ಸುಣ್ಣ ಕುಡಿದಿದೆ. ಒಂದೊಂದನ್ನೂ ಬೇರೆ ಬೇರೆ ಬಿಳಿ ಕಾಗದದಲ್ಲಿ ಮಡಿಸಿಡು. ಪತ್ರಿಕೆಯ ಕಾಗದ ಬೇಡ, ಮಸಿ ಹತ್ತುತ್ತದೆ.

ಆ ದಪ್ಪ ರೂಪಾಯಿ ಎಷ್ಟು ದಪ್ಪ? ಸುಮ್ಮನೆ ಕೇಳಿದೆ.

ಮಲ್ಕಪ್ಪ

*

ಸುರಪುರ
೯ ಆಗಸ್ಟ್ ೧೯೫೪

ಅಪ್ಪನವರಿಗೆ ಶರಣು.

ತಿರುಗಿ ಹೋಗುವುದಿಲ್ಲ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದಬಹುದು.

ನಾನೇಕೆ ಮನೆ ಬಿಟ್ಟೆನೆಂದು ಆ ದಿನ ನೀವು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಹೇಳುವ ಮಾತೂ ಅದಾಗಿರಲಿಲ್ಲ. ಈಗ ಹೇಳುತ್ತೇನೆ. ಶೀಗಿ ಹುಣ್ಣಿಮೆ ಆಗಿ ಎರಡು ದಿನವಾಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಮಾತೆಪ್ಪ ಗೋಗಿ ಊರಿನಿಂದ ಒಂದು ಹುಡುಗಿಯನ್ನು ಕರೆದುಕೊಂಡು ಒಳಗೆ ಬಂದ. ಅವಳ ಹಣೆಯ ಅರಿಸಿನ ಇನ್ನೂ ಆರಿರಲಿಲ್ಲ. "ಇಕಿ ಇನ್ನ ಮ್ಯಾಲ ಇಲ್ಲೇ ಇರ್ತಾಳ. ಇಕಿಗಿ ಊಟಕ್ಕ ನೀಡು" ಅಂದ. ಮದುವೆ ಮಾಡಿಕೊಂಡು ಬಂದಿದ್ದೇನೆಂದು ಸಹ ಹೇಳಲಿಲ್ಲ.

ನಾನು ನೀಡಿದೆ ಅಪ್ಪಾ. ಆ ಹುಡುಗಿ ಹೆದರಿ ರೊಟ್ಟಿ ಮುರಿಯಲೇ ಇಲ್ಲ. "ಉಣ್ಣವ್ವ, ನೀ ಏನ್ ಮಾಡೀದಿ ಪಾಪ" ಅಂದೆ. ಅವಳ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ಊಟ ಮುಗಿಸಿ ಕೈ ತೊಳೆಯುತ್ತ ಅವನು ಅಂದ, "ನಿನ್ನ ಹತ್ರ ಆ ರೂಪಾಯಿ ಅವಲ್ಲ, ತಗೊಂಬಾ. ಅಕ್ಕಸಾಲಿಗಿ ಕೊಟ್ಟು ಇಕಿ ನಡಕ್ಕ ಡಾಬು ಮಾಡಸ್ತೇನಿ."

"ಅವು ನನ್ನವು" ಅಂದೆ.

"ಈ ಮನ್ಯಾಗ ನಿನ್ನವು ಅಂತ ಏನವ?" ಅಂದ.

ಯೋಚಿಸಿ ನೋಡಿದೆ. ಆ ಮಾತು ನಿಜವೇ ಆಗಿತ್ತು. ಇದ್ದದ್ದು ಅವಷ್ಟೇ. ಅವನ್ನು ತೆಗೆದುಕೊಂಡು ಹೊರಟೆ.

ಅವು ಅವನ ಮನೆಯ ಬೆಳ್ಳಿ ಹೇಗಾಗುತ್ತವೆ? ಮದುವೆಯಲ್ಲಿ ಉಡಿ ತುಂಬುವಾಗ ಸೋದರಮಾವ ಹಾಕಿದ್ದು, ಅತ್ತೆಯಂದಿರು ಹಾಕಿದ್ದು, ಅವ್ವ ಎಲ್ಲರಿಗಿಂತ ಕೊನೆಗೆ ಹಾಕಿದ್ದು. ಅವನ ಅಂಗಡಿಯ ರೊಕ್ಕದ ಗಲ್ಲೆಯಲ್ಲಿ ಹೊಸ ನಮೂನೆ ಕಂಡರೆ ನನ್ನದೊಂದನ್ನು ಅದರೊಳಗೆ ಹಾಕಿ ಅದನ್ನು ತೆಗೆದುಕೊಳ್ಳುತ್ತಿದ್ದೆ. ಅವನ ಕಣ್ಣ ಮುಂದೆಯೇ. ಆಗ ಅವನು ನಗುತ್ತಿದ್ದ.

ಬಿಳಿ ಕಾಗದದಲ್ಲಿ ಮಡಿಸಿದ್ದಾಯಿತು. ಆದರೆ ಈಗ ಯಾವುದು ಯಾವುದೆಂದು ತಿಳಿಯದೆ ದಿನಕ್ಕೆ ಹತ್ತು ಸಲ ಬಿಚ್ಚಬೇಕಾಗಿದೆ. ಶಾಲೆಯ ಹುಡುಗಿಯರಿಗೆ ತೋರಿಸಿದರೆ ಎಲ್ಲರ ಬೆವರು ಬೆಳ್ಳಿಗೆ ಹತ್ತುತ್ತದೆ. ಪುಸ್ತಕವೇ ಬೇಕು. ದಪ್ಪ ರೂಪಾಯಿ ನಿಮ್ಮ ಖಾತೆ ಪುಸ್ತಕದ ರಟ್ಟು ಮೂರು ಪದರು ಸೇರಿಸಿದಷ್ಟು ದಪ್ಪ. ಎಲ್ಲ ನಾಣ್ಯಗಳನ್ನೂ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನ ಗೆರೆ ಎಳೆದು ಇದರೊಳಗೆ ಇಟ್ಟಿದ್ದೇನೆ. ನೀವು ಸುಮ್ಮನೆ ಕೇಳಿದಿರಿ, ನಾನೂ ಸುಮ್ಮನೆ ಕಳಿಸಿದ್ದೇನೆ.

ಶಂಕ್ರಮ್ಮ

*

ಯಾದಗಿರಿ
೨೨ ಸೆಪ್ಟೆಂಬರ್ ೧೯೫೪

ಶಂಕ್ರಮ್ಮಗೆ,

ಡಾಬಿನ ಮಾತು ಅಮಾತೆಪ್ಪನಿಗೆ ಕೇಳಿದೆ. ಅಂಥದ್ದೇನೂ ಅಂದಿಲ್ಲ ಅಂತಾನೆ. ಸಿಟ್ಟಿನಲ್ಲಿ ನಿನ್ನ ಕಿವಿಗೆ ಹಾಗೆ ಕೇಳಿಸಿರಬಹುದು. ಸಂಕ್ರಾಂತಿ ಆದ ಮೇಲೆ ಶಹಾಪುರದಲ್ಲಿ ಹಿರಿಯರು ಕೂಡುತ್ತಾರೆ. ನಾಣ್ಯ ತೆಗೆದುಕೊಂಡು ನೀನೂ ಬಾ. ನಾಲ್ಕು ಮಂದಿ ಹೇಳಿದಂತೆ ಕೇಳಿದರೆ ಎಲ್ಲರ ಮಾನ ಉಳಿಯುತ್ತದೆ.

ಇದರ ಜೊತೆ ಒಂದು ಪುಟದ ಮಾದರಿ ಕಳಿಸಿದ್ದೇನೆ. ರಟ್ಟಿನಲ್ಲಿ ನಾಣ್ಯದ ಅಳತೆಗೆ ದುಂಡಗೆ ಕೊರೆದು, ಎರಡೂ ಕಡೆ ಮಿಠಾಯಿಗೆ ಸುತ್ತುವ ಜಿಲೇಟಿನ್ ಕಾಗದ ಅಂಟಿಸಿದ್ದೇನೆ. ಮೇಲಿನ ಅಂಚು ತೆರೆದಿದೆ, ಅಲ್ಲಿಂದ ನಾಣ್ಯ ಇಳಿಸು. ಆ ಕಡೆಯಿಂದಲೂ ಈ ಕಡೆಯಿಂದಲೂ ಕಾಣುತ್ತದೆ. ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿದ್ದೇನೆ, ಹುಳ ಹಿಡಿಯುವುದಿಲ್ಲ. ನನ್ನ ಕೈಯ ಜಿಲ್ದಿಗೆ ಇವತ್ತಿನವರೆಗೆ ಹುಳ ಬಿದ್ದಿಲ್ಲ.

ಕೆಲಸವಿಲ್ಲದಾಗ ಮಾಡಿದ್ದು. ಬೇರೇನೂ ತಿಳಿದುಕೊಳ್ಳಬೇಡ.

ಮಲ್ಕಪ್ಪ

*

ಸುರಪುರ
೩೦ ಅಕ್ಟೋಬರ್ ೧೯೫೪

ಅಪ್ಪನವರಿಗೆ ಶರಣು.

ನಿಮ್ಮ ಮೈಲುತುತ್ತ ಹುಳವನ್ನು ದೂರ ಇಟ್ಟಿತು, ಬೆಳ್ಳಿಯನ್ನು ತಿಂದಿತು. ಮಾದರಿಯೊಳಗೆ ಒಂದು ರೂಪಾಯಿ ಇಳಿಸಿ ಮಳೆಗಾಲ ಕಳೆಯುವವರೆಗೆ ಬಿಟ್ಟಿದ್ದೆ. ಅಂಟು ಮುಟ್ಟಿದ ಅಂಚೆಲ್ಲ ಕಪ್ಪಗಾಗಿ ಹಸಿರು ಹಿಡಿದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಲು ತಿಮ್ಮವ್ವ ಬಂದಿದ್ದರು. ಕೈ ಹಿಡಿದು ನಿಲ್ಲಿಸಿದೆ. ತಿಕ್ಕಿದರೆ ಮಸಿಯ ಜೊತೆ ಅಕ್ಷರವೂ ಹೋಗುತ್ತದೆ. ಕಟ್ಟಿದ್ದು ನೀವೆಂದು ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅನ್ನಲಾರೆ. ಕೊರೆದ ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪಿಲ್ಲ.

ಅಂಟಿಲ್ಲದೆ ಮಾಡಲು ಬರುವುದಿಲ್ಲವೇ? ಹೊಲಿಯಲು ಬರುವುದಿಲ್ಲವೇ?

ಲಾಡ್ಲೇಸಾಬರು ಕಟ್ಟಿಗೆಯ ಹಲಗೆಗೆ ಗುಳಿ ತೋಡಿಸಿ ಮಖಮಲ್ಲು ಹಾಸಿಕೋ ಎಂದರು. ನೋಡಲು ಚೆಂದ, ಆದರೆ ಒಂದೇ ಮುಖ ಕಾಣುತ್ತದೆ. ಅದನ್ನು ಹೊರಲು ಗಾಡಿ ಬೇಕು. ಸರ್ಕಾರ ನಾಳೆ ನನ್ನನ್ನು ಯಾವ ಊರಿಗೆ ಹಾಕುತ್ತದೋ ಗೊತ್ತಿಲ್ಲ. ಮುಂಬೈಯಲ್ಲಿ ಅಚ್ಚು ಹಾಕಿದ ಆಲ್ಬಂ ಒಂದನ್ನು ನಮ್ಮ ಹೆಡ್‌ಮಾಸ್ತರರು ತರಿಸಿ ತೋರಿಸಿದರು. ಅದರೊಳಗೆ ಯಾವ ನಾಣ್ಯ ಎಲ್ಲಿ ಕೂಡಬೇಕೆಂದು ಅವರೇ ಬರೆದುಬಿಟ್ಟಿದ್ದಾರೆ. ನಮ್ಮ ಹಾಲಿ ರೊಕ್ಕಕ್ಕೆ ಅದರಲ್ಲಿ ಜಾಗವೇ ಇಲ್ಲ. "ಹೋಗ್ಲಿ ಬಿಡ್ರಿ ಬಾಯಾರೆ, ನಿಜಾಮಂದು ಯಾಕ ಇಡ್ತೀರಿ? ಉರ್ದು ಅಕ್ಷರದ್ದು ತಗದು ಸಿಂಹದ್ದು ಅಷ್ಟೇ ಇಡ್ರಿ" ಅಂದರು. ನಾನು, "ಸರ್, ಇದೇ ರೊಕ್ಕ ಕೊಟ್ಟು ನಮ್ಮವ್ವ ಜೋಳ ತಂದಾಳ. ಆ ಜೋಳ ತಿಂದೇ ನಾ ಇಷ್ಟು ದೊಡ್ಡಾಕಿ ಆಗೀನಿ. ತಿಂದದ್ದು ಸುಳ್ಳು ಅನ್ನಲೇನ್ರಿ?" ಅಂದೆ. ಆಲ್ಬಂ ತಿರುಗಿ ತೆಗೆದುಕೊಂಡು ಹೋದರು. ಒಂದನ್ನೂ ಬಿಡುವುದಿಲ್ಲ. ಎಲ್ಲವೂ ಇರುತ್ತವೆ, ನಾನು ಇಟ್ಟ ಸಾಲಿನಲ್ಲಿ ಇರುತ್ತವೆ.

ಶಹಾಪುರದ ಕೂಟಕ್ಕೆ ಬರುವುದಿಲ್ಲ. ತಪ್ಪಿಸಿಕೊಂಡ ಮೇಕೆ ಯಾರ ಕೊಟ್ಟಿಗೆಗೆ ಸೇರಿದ್ದೆಂದು ಕೂತು ನಿರ್ಣಯ ಮಾಡುವಂತೆ ನನ್ನ ಮಾತನ್ನು ಯಾರೂ ನಿರ್ಣಯ ಮಾಡಬೇಕಾಗಿಲ್ಲ. ನಾಣ್ಯವೂ ಬರುವುದಿಲ್ಲ. ಮಾನದ ಮಾತು ಬರೆದಿದ್ದಿರಿ. ಎರಡನೆಯವಳನ್ನು ತಂದವನ ಮಾನಕ್ಕೆ ಏನೂ ಆಗದೆ, ಬಿಟ್ಟು ಬಂದವಳ ಅಪ್ಪನ ಮಾನ ಹೇಗೆ ಹೋಗುತ್ತದೆಂದು ನನಗೆ ಇನ್ನೂ ತಿಳಿದಿಲ್ಲ.

ಅವ್ವನ ಮಂಡಿನೋವು ಹೇಗಿದೆ ಬರೆಯಿರಿ.

ಶಂಕ್ರಮ್ಮ

*

ಯಾದಗಿರಿ
೬ ಫೆಬ್ರವರಿ ೧೯೫೫

ಶಂಕ್ರಮ್ಮಗೆ,

ಮೂರು ತಿಂಗಳು ಬರೆಯಲಿಲ್ಲ. ಸಿಟ್ಟು ಬಂದಿತ್ತು. ಬೆಳ್ಳಿ ತಿಂದಿತು ಎಂಬ ಮಾತಿಗೆ ಹೆಚ್ಚು ಬಂದಿತ್ತು.

ನಿನ್ನ ಅವ್ವ ಪಕ್ಕದಲ್ಲೇ ಕುಳಿತಿದ್ದಾಳೆ. ಅಕ್ಷರ ಬರದಿದ್ದರೂ ನಾನು ಏನು ಬಿಟ್ಟೆ ಎಂಬುದು ಅವಳಿಗೆ ಹೇಗೋ ತಿಳಿಯುತ್ತದೆ. "ಎಲ್ಲಾ ಬರೀರಿ" ಅಂತಾಳೆ. ಬರೆಯುತ್ತೇನೆ.

ನಿನ್ನ ಪುಸ್ತಕ ಕಟ್ಟಿದೆ. ನಾಣ್ಯ ಕೂಡುವ ಜಾಗದಲ್ಲಿ ಅಂಟು ಒಂದು ಹನಿಯೂ ಇಲ್ಲ. ದುಂಡಗೆ ಕೊರೆದ ಎರಡು ತೆಳುವಾದ ರಟ್ಟು, ನಡುವೆ ಜಿಲೇಟಿನ್ ಕಾಗದದ ಎರಡು ಪದರು, ಒಂದೊಂದು ಕಿಸೆಯ ಸುತ್ತ ಹೊಲಿಗೆ. ನನ್ನ ದಬ್ಬಣಕ್ಕೆ ಕಾಗದ ಸೀಳುತ್ತಿತ್ತು. ನಿನ್ನ ಅವ್ವ ಕುಪ್ಪಸ ಹೊಲಿಯುವ ಸಣ್ಣ ಸೂಜಿಯಿಂದ ಎಲ್ಲ ಕಿಸೆ ಹೊಲಿದಳು. ನಾಣ್ಯ ತುಂಬಿದರೆ ಪುಸ್ತಕ ಹೊಟ್ಟೆ ಉಬ್ಬಿ ಬೆನ್ನು ಸೀಳುತ್ತದೆ. ಅದಕ್ಕಾಗಿ ಬೆನ್ನಿನ ಹತ್ತಿರ ಪುಟಪುಟದ ನಡುವೆ ರಟ್ಟಿನ ಪಟ್ಟಿ ಕೊಟ್ಟಿದ್ದೇನೆ.

ಅದನ್ನು ತೆಗೆದುಕೊಂಡೇ ಶಹಾಪುರದ ಕೂಟಕ್ಕೆ ಹೋದೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಅಮಾತೆಪ್ಪನಿಗೆ ಪುಸ್ತಕ ತೋರಿಸಿ, ನಾಣ್ಯ ಮುರಿಸಬೇಡ, ಇದರಲ್ಲಿಟ್ಟು ನಿನ್ನ ಮನೆಯಲ್ಲೇ ಅವಳ ಕೈಗೆ ಕೊಡು, ನಾನು ಅವಳನ್ನು ಒಪ್ಪಿಸಿ ಕರೆತರುತ್ತೇನೆ ಎಂದು ಹೇಳಬೇಕೆಂದಿದ್ದೆ. ನೀನು ಒಪ್ಪುತ್ತಿರಲಿಲ್ಲ, ಗೊತ್ತು. ಆದರೂ ಅಂದುಕೊಂಡಿದ್ದೆ.

ಅಡತಿ ಅಂಗಡಿಯ ಅಯ್ಯಪ್ಪ ಸಾಹುಕಾರರು ನಡುವೆ ಕುಳಿತಿದ್ದರು. ನಾನು ಪುಸ್ತಕ ಮುಂದಿಟ್ಟು ಮಾತು ಶುರು ಮಾಡುವಷ್ಟರಲ್ಲಿ ಅಮಾತೆಪ್ಪ ಅದನ್ನು ಕೈಗೆ ತೆಗೆದುಕೊಂಡು ಪುಟ ತಿರುವಿ ನಕ್ಕ. "ಇದ್ರಾಗ ಏನ್ ಇಡೂದು ಮಾವಾ? ರೂಪಾಯಿ ಬಂದ ದಿನಾನೇ ಅಕ್ಕಸಾಲಿ ಕರಗಸ್ತಾನ. ಡಾಬಿಗಿ ಯಾರರೆ ಜಿಲ್ದು ಹಾಕ್ತಾರೇನು?" ಅಂದ. ಕುಳಿತವರೆಲ್ಲ ನಕ್ಕರು.

ಹಾಗಾದರೆ ಡಾಬಿನ ಮಾತು ನೀನು ಸುಳ್ಳು ಹೇಳಿರಲಿಲ್ಲ.

ನಗುತ್ತಲೇ ಅವನು ಒಂದು ಕಿಸೆಯೊಳಗೆ ಹೆಬ್ಬೆರಳು ತುರುಕಿ ಆ ಕಡೆಗೆ ತೂರಿಸಿದ. ಜಿಲೇಟಿನ್ ಹರಿಯಿತು. ಹೊಲಿಗೆ ಬಿಚ್ಚಿತು. ನಿನ್ನ ಅವ್ವ ಕಣ್ಣು ಕಿರಿದು ಮಾಡಿಕೊಂಡು, ಕಿಟಕಿಯ ಬೆಳಕಿಗೆ ಸರಿದು ಸರಿದು ಹೊಲಿದದ್ದು.

ನಾನು ಎದ್ದು ಅವನ ಕೈಯಿಂದ ಪುಸ್ತಕ ಕಸಿದುಕೊಂಡೆ. ಅಯ್ಯಪ್ಪ ಸಾಹುಕಾರರು, "ಮಲ್ಕಪ್ಪ, ಕೂಡು. ನಾಣ್ಯ ತರಸು, ಮಗಳಿಗಿ ಕಳಸು. ಮಾತು ಮುಗೀತು" ಅಂದರು.

"ನಾಣ್ಯ ಬರಂಗಿಲ್ರಿ" ಅಂದೆ. "ಮಗಳೂ ಬರಂಗಿಲ್ಲ."

"ಮಂದಿ ಮಾತು ಮೀರ್ತಿ?"

"ಮೀರ್ತೇನ್ರಿ."

"ಹಂಗಂದ್ರ ಶಹಾಪುರದ ಒಂದು ಖಾತಿ ಪುಸ್ತಕಾನೂ ನಿನ್ನ ಅಂಗಡಿ ಮೆಟ್ಟಲ ಹತ್ತಂಗಿಲ್ಲ, ನೆನಪಿಡು."

"ಬ್ಯಾಡ ಬಿಡ್ರಿ" ಅಂದು ಬಂದುಬಿಟ್ಟೆ.

ನಿನ್ನ ಅವ್ವ ಈಗ ನನ್ನ ತೋಳು ತಟ್ಟಿ, "ಕೆರಾ ಅಲ್ಲೇ ಬಿಟ್ಟು ಬರಿಗಾಲಾಗ ಯಾದಗಿರಿತನ ಬಂದಾರ, ಅದನ್ನೂ ಬರೀರಿ" ಅನ್ನುತ್ತಿದ್ದಾಳೆ. ಹೌದು. ಸಿಟ್ಟಿನಲ್ಲಿ ಚಪ್ಪಲಿ ಅವರ ಬಾಗಿಲಲ್ಲೇ ಉಳಿಯಿತು. ತಿರುಗಿ ತರಲು ಹೋಗುವುದಿಲ್ಲ.

ಅವರು ಅಂದಂತೆಯೇ ಆಯಿತು. ಅರ್ಧ ಕಟ್ಟಿದ್ದ ಪುಸ್ತಕಗಳನ್ನೂ ಆಳು ಕಳಿಸಿ ವಾಪಸು ಒಯ್ದರು. ಒಯ್ಯಲಿ.

ಮಂಡಿನೋವು ಹಾಗೇ ಇದೆ.

ಮಲ್ಕಪ್ಪ

*

ಸುರಪುರ
೧೫ ಫೆಬ್ರವರಿ ೧೯೫೫

ಅಪ್ಪ ಅವ್ವ ಇಬ್ಬರಿಗೂ ಶರಣು.

ನಿಮ್ಮ ಕಾಗದವನ್ನು ತಿಮ್ಮವ್ವನಿಗೆ ಓದಿ ಹೇಳಿದೆ. "ಮೀರ್ತೇನ್ರಿ" ಎಂಬಲ್ಲಿ ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ನನಗೂ ಮತ್ತೊಮ್ಮೆ ಓದಬೇಕಾಗಿತ್ತು.

ಹರಿದ ಪುಟವನ್ನು ರಿಪೇರಿ ಮಾಡಬೇಡಿ, ತೆಗೆದುಹಾಕಿ ಹೊಸದು ಹೊಲಿಯಿರಿ. ಅವನ ಬೆರಳಿನ ಗುರುತು ನನ್ನ ಪುಸ್ತಕದಲ್ಲಿ ಬೇಡ. ಅವ್ವನ ಕಣ್ಣಿಗೆ ತ್ರಾಸಾದರೆ ಆ ಒಂದು ಪುಟ ನಾನೇ ಹೊಲಿಯುತ್ತೇನೆ.

ನಮ್ಮ ಶಾಲೆಯಲ್ಲಿ ಹರಿದ ಪಠ್ಯಪುಸ್ತಕಗಳು ಗೋಣಿಚೀಲ ತುಂಬಿ ಬಿದ್ದಿವೆ. ಕಟ್ಟುವವರಿಲ್ಲ. ಹೆಡ್‌ಮಾಸ್ತರರಿಗೆ ನಿಮ್ಮ ಹೆಸರು ಹೇಳಿದ್ದೇನೆ. "ನಿಮ್ಮ ಹಂಗ ಮಾತಾಡ್ತಾರೇನು ಅವರೂ?" ಎಂದು ಕೇಳಿದರು. "ಈಗ ಮಾತಾಡಾಕತ್ತಾರ್ರಿ" ಅಂದೆ. ಬರಲಿ ಎಂದಿದ್ದಾರೆ.

ನೀವಿಬ್ಬರೂ ಬನ್ನಿ. ಕೋಣೆ ಸಣ್ಣದು. ಅವ್ವನಿಗೆ ಮಂಚ, ನಿಮಗೆ ಪಡಸಾಲೆ.

ಶಂಕ್ರಮ್ಮ

*

ಯಾದಗಿರಿ
೩ ಏಪ್ರಿಲ್ ೧೯೫೫

ಮಗಳು ಶಂಕ್ರಮ್ಮಗೆ,

ಸುರಪುರದಿಂದ ನಿನ್ನೆ ಸಂಜೆ ಸುಖವಾಗಿ ಬಂದು ಮುಟ್ಟಿದೆವು. ನೀನು ಕಟ್ಟಿಕೊಟ್ಟ ರೊಟ್ಟಿ ಇವತ್ತಿಗೂ ಉಳಿದಿವೆ. ಶಾಲೆಯ ಪುಸ್ತಕದ ಚೀಲ ಬಸ್ಸಿನ ಮೇಲಿಂದ ನೆಟ್ಟಗೆ ಇಳಿಯಿತು, ಇವತ್ತೇ ಒಡೆದು ಕುಳಿತಿದ್ದೇನೆ. ಅವಸರವೇನಿಲ್ಲ, ಬೇರೆ ಕೆಲಸ ಅಂಗಡಿಯಲ್ಲಿ ಕಡಿಮೆ.

ನಾಣ್ಯ ತುಂಬುವಾಗ ನೀನೂ ನಾನೂ ಜಗಳಾಡಿದ್ದನ್ನು ನಿನ್ನ ಅವ್ವ ಓಣಿಗೆಲ್ಲ ಹೇಳುತ್ತಿದ್ದಾಳೆ. ರಾಜರ ಕಾಲದ ಪ್ರಕಾರ ಇಡು ಅಂದೆ, ನೀನು ಕೈಗೆ ಬಂದ ಪ್ರಕಾರ ಇಟ್ಟೆ. ಉಡಿಯಲ್ಲಿ ಬಿದ್ದವು ಮೊದಲು, ಆಮೇಲೆ ಲಾಡ್ಲೇಸಾಬರ ರಾಶಿಯವು. ಹಾಗೆ ಯಾರೂ ಇಡುವುದಿಲ್ಲ ಎಂದು ಈಗಲೂ ಅನ್ನುತ್ತೇನೆ. ಆದರೆ ಪುಟ ತಿರುವಿದಾಗ ಒಂದೂ ಅಲುಗಲಿಲ್ಲ. ಚಾರ್ಮಿನಾರು ಈ ಕಡೆ, ಅಕ್ಷರ ಆ ಕಡೆ, ಎರಡೂ ಸ್ಪಷ್ಟ ಕಂಡವು. ಮೂರು ಸಲ ತಿರುವಿ ನೋಡಿದ್ದು ಅದಕ್ಕೇ. ಕಣ್ಣು ಮಂಜಾಗಿದೆ ಎಂದು ನೀನು ತಿಳಿದೆ. ಅದಲ್ಲ.

ದಾರಿಯಲ್ಲಿ ಆದದ್ದನ್ನು ಹೇಳಬೇಕು. ಶಹಾಪುರದಲ್ಲಿ ಬಸ್ಸು ನಿಂತಾಗ ಅಯ್ಯಪ್ಪ ಸಾಹುಕಾರರು ಹತ್ತಿದರು. ಸಂತೆಯ ದಿನ, ನಿಲ್ಲಲೂ ಜಾಗವಿಲ್ಲ. ನಮ್ಮ ಮುಂದೆಯೇ ಬಂದು ನಿಂತರು. ನನ್ನ ಕಾಲಿನ ಹೊಸ ಚಪ್ಪಲಿ ನೋಡಿದರು, ನಿನ್ನ ಅವ್ವನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಏನ್ ಮಲ್ಕಪ್ಪ, ಯಾವ ಕಡಿಂದ? ಮಗಳು ಈಗ ಎಲ್ಲಿದ್ದಾಳಪ್ಪ?" ಅಂದರು. ಗೊತ್ತಿದ್ದೂ ಕೇಳಿದ್ದು.

ಇಷ್ಟು ದಿನ ಯಾರಾದರೂ ಹೀಗೆ ಕೇಳಿದರೆ ಮಳೆಯ ಮಾತೋ ಜೋಳದ ಮಾತೋ ತೆಗೆದು ದಾಟಿಸುತ್ತಿದ್ದೆ. ನಿನ್ನ ಅವ್ವ ಸೆರಗು ಬಾಯಿಗೆ ಒತ್ತಿ ನನ್ನನ್ನೇ ನೋಡುತ್ತಿದ್ದಳು.

ನಾನು ಎದ್ದು ನಿಂತೆ. "ಸುರಪುರದಾಗ ಅದಾಳ್ರಿ. ತನ್ನ ಮನ್ಯಾಗ" ಅಂದೆ.

"ಆಕಿ ಮನಿ ಶಹಾಪುರದಾಗ ಅಲ್ಲೇನು?" ಅಂದರು.

"ಅದು ಅಮಾತೆಪ್ಪನ ಮನಿರಿ. ನೀವು ನನ್ನ ಮಗಳ ಮನಿ ಕೇಳಿದ್ರಿ."

ಅವರು ಮಂದಿಯನ್ನು ಸರಿಸಿಕೊಂಡು ಡ್ರೈವರನ ಹತ್ತಿರ ಹೋಗಿ ನಿಂತರು. ನಾನು ಕುಳಿತೆ. ನಿನ್ನ ಅವ್ವ ಬಾಯಿಯಿಂದ ಸೆರಗು ತೆಗೆದು, ಪಕ್ಕದಲ್ಲಿ ಕುಳಿತಿದ್ದ ಗೊತ್ತಿಲ್ಲದ ಹೆಂಗಸಿಗೆ, "ನಮ್ಮ ಮಗಳು ಸಾಲ್ಯಾಗ ಬಾಯಾರ ಅದಾಳ್ರಿ" ಎಂದು ಶುರು ಮಾಡಿದವಳು ಯಾದಗಿರಿ ಬರುವತನಕ ನಿಲ್ಲಿಸಲಿಲ್ಲ.

ನಿನ್ನ ಅಪ್ಪ
ಮಲ್ಕಪ್ಪ